ಪಿಯುಸಿ ವಿರುಪಾಕ್ಷಪ್ಪನವರ ಎರಡು ಹೇಳಿಕೆ

ಡೊಂಬಿವಲಿಯ ಕನ್ನಡಿಗರಲ್ಲಿ ಅವರಿಗೆ ಪಿಯುಸಿ ವಿರುಪಾಕ್ಷಪ್ಪ ಎಂದೇ ಹೆಸರು. ಗುಳೇದಗುಡ್ಡದ ನೆಂಟರು ಮೊದಮೊದಲು ಇದನ್ನು ಕೇಳಿ, ಮುಂಬೈ ಕಡೆ ಹೋದವನು ಕಾಲೇಜು ತೆರೆದಿದ್ದಾನೆ ಎಂದುಕೊಂಡಿದ್ದರಂತೆ. ಇಲ್ಲಿ ಪಿಯುಸಿ ಎಂದರೆ ಗಾಡಿಯ ಹೊಗೆ ಮಿತಿಯೊಳಗೆ ಇದೆ ಎಂದು ಹೇಳುವ ಕಾಗದ. ಆರು ತಿಂಗಳಿಗೊಮ್ಮೆ ಸೈಲೆನ್ಸರಿನ ಬಾಯಿಗೆ ನಳಿಗೆ ತೂರಿಸಿ, ಎಂಜಿನ್ನನ್ನು ನಿಂತಲ್ಲೇ ಓಡಲು ಬಿಟ್ಟು, ಹೊಗೆಯಲ್ಲಿ ವಿಷಗಾಳಿ ನೂರಕ್ಕೆ ಎಷ್ಟು ಪಾಲು ಎಂದು ಯಂತ್ರದ ಮೇಲೆ ಮೂಡುವ ಅಂಕಿಯನ್ನು ಬರೆದುಕೊಡಬೇಕು. ಮಾನಪಾಡಾ ರಸ್ತೆಯ ಪೆಟ್ರೋಲ್ ಪಂಪಿನ ಪಕ್ಕ, ಹಳೆಯ ಟೆಂಪೋ ಒಂದರ ಹಿಂಭಾಗದಲ್ಲಿ ಯಂತ್ರ, ಕುರ್ಚಿ, ಗಾಳಿಗೆ ಹಾರದಂತೆ ಕಾಗದಗಳ ಮೇಲೊಂದು ಸ್ಪ್ಯಾನರ್ ಇಟ್ಟುಕೊಂಡು ಅವರು ಕೂರುತ್ತಿದ್ದರು. ನನ್ನ ಸ್ಕೂಟರಿನ ಕಾಗದವೂ ಅಲ್ಲಿಯದೇ. ನಾನು ಇಲ್ಲಿ ಹೇಳುತ್ತಿರುವುದರಲ್ಲಿ ಹೆಚ್ಚಿನದು ಅವರ ಬಾಯಿಂದಲೇ ಕೇಳಿದ್ದು. ಮಿಕ್ಕಿದ್ದು ಅವರ ಹೆಂಡತಿ ಸೌಭಾಗ್ಯ ಮತ್ತು ಪೂವಪ್ಪ ಹೇಳಿದ್ದು.

ಅದಕ್ಕೂ ಮೊದಲು ವಿರುಪಾಕ್ಷಪ್ಪ ಹದಿನಾಲ್ಕು ವರ್ಷ ಕಳಂಬೋಲಿಯಲ್ಲಿದ್ದರು. ಅಲ್ಲಿನ ಉಕ್ಕಿನ ಮಾರುಕಟ್ಟೆಗೆ ಬರುವ ಲಾರಿಗಳನ್ನು ರಿಪೇರಿ ಮಾಡುವ ಗ್ಯಾರೇಜಿನಲ್ಲಿ ಫಿಟ್ಟರ್. ಲಾರಿಯ ಸದ್ದು ಕೇಳಿಯೇ ರೋಗ ಹೇಳುತ್ತಾರೆ ಎಂಬ ಹೆಸರಿತ್ತು. 2002ರಲ್ಲಿ ಹೊಗೆ ತಪಾಸಣೆಯ ಲೈಸೆನ್ಸ್ ಸಿಕ್ಕಾಗ ಸೌಭಾಗ್ಯ ಎರಡು ಬಿಳಿ ಅಂಗಿ ಹೊಲಿಸಿಕೊಟ್ಟರು. "ಇನ್ನ ಗಾಡೀ ಕೆಳಗ ಮಲಗೂದು ಮುಗೀತು ನೋಡು," ಎಂದು ವಿರುಪಾಕ್ಷಪ್ಪ ಅವತ್ತು ಹೆಂಡತಿಗೆ ಹೇಳಿದರಂತೆ. ಆ ಮಾತನ್ನು ನನಗೆ ಹೇಳುವಾಗ ಅವರು ತಲೆ ತಗ್ಗಿಸಿದ್ದರು.

ಮೊದಲ ಎರಡು ವರ್ಷ ಪ್ರತಿ ಗಾಡಿಗೂ ನಳಿಗೆ ಹಾಕಿದರು. ಆಮೇಲೆ ಸಡಿಲವಾಯಿತು. ಗಿರಾಕಿಗೆ ಬೇಕಾಗಿದ್ದುದು ಪೊಲೀಸರಿಗೆ ತೋರಿಸಲು ಒಂದು ಕಾಗದ, ಅದೂ ಎರಡು ನಿಮಿಷದಲ್ಲಿ. ಪರಿಚಯದವರ ಗಾಡಿಯಾದರೆ ಹಿಂದಿನ ಗಾಡಿಯ ಅಂಕಿಯನ್ನೇ ತುಸು ಹೆಚ್ಚುಕಡಿಮೆ ಮಾಡಿ ಬರೆಯುವುದು ರೂಢಿಯಾಯಿತು. ಅದರಲ್ಲಿ ತಪ್ಪೇನೂ ಅವರಿಗೆ ಕಾಣಲಿಲ್ಲ. ಊರಿನ ಹೊಗೆಯೆಲ್ಲ ತಮ್ಮ ಒಂದು ನಳಿಗೆಯಿಂದ ಕಡಿಮೆಯಾಗುತ್ತದೆಯೇ?

ಹಾಗೆ ಕಾಗದ ಪಡೆದವರಲ್ಲಿ ಪೂವಪ್ಪ ಒಬ್ಬ. ಬೆಳ್ಮಣ್ಣಿನ ಕಡೆಯವನು. ಕೋಪರಿಯ ಹೋಟೆಲೊಂದರಲ್ಲಿ ಬಹಳ ಕಾಲ ಗಲ್ಲಾಪೆಟ್ಟಿಗೆಯ ಮುಂದೆ ಕೂತು, ಕೊನೆಗೆ ಹಳೆಯ ವ್ಯಾನು ಕೊಂಡು ಡೊಂಬಿವಲಿಯಲ್ಲಿ ಶಾಲೆಯ ಮಕ್ಕಳನ್ನು ಬಿಟ್ಟು ತರುತ್ತಿದ್ದ. ಅವನ ಹೆಂಡತಿ ವಿಮಲಾ ವ್ಯಾನಿನ ಹಿಂದಿನ ಸೀಟಿನಲ್ಲಿ ತೀರ ಚಿಕ್ಕ ಮಕ್ಕಳನ್ನು ಇಟ್ಟುಕೊಂಡು ಕೂರುತ್ತಿದ್ದಳು. ಮಕ್ಕಳಿರದ ದಂಪತಿ. ನೀರಿನ ಬಾಟಲಿ ಮರೆತ ಮಗುವಿಗೆ ತನ್ನ ಬಾಟಲಿ ಕೊಡುತ್ತಿದ್ದವಳು, ಪರೀಕ್ಷೆಯ ದಿನ ಎಲ್ಲರಿಗೂ ಪೆಪ್ಪರಮಿಂಟು ಹಂಚುತ್ತಿದ್ದವಳು ಅವಳೇ.

2006ರ ಜುಲೈ ಮೊದಲ ವಾರ ಪೂವಪ್ಪ ಬಂದು ಎಂಜಿನ್ ನಿಲ್ಲಿಸದೆ ಕಿಟಕಿಯಿಂದಲೇ ಕೂಗಿದ. "ವಿರುಪಾಕ್ಷಣ್ಣ, ಸ್ವಲ್ಪ ಬೇಗ ಬರೆದು ಕೊಡಿ ಮಾರಾಯ್ರೆ. ಮಕ್ಕಳನ್ನು ತರ್ಲಿಕ್ಕೆ ಹೊತ್ತಾಯ್ತು." ಮಳೆ ಹನಿಯುತ್ತಿತ್ತು. ವಿರುಪಾಕ್ಷಪ್ಪ ಕುರ್ಚಿ ಬಿಟ್ಟೇಳಲಿಲ್ಲ. 2.1 ಎಂದು ಬರೆದರು, ಮೊಹರು ಹಾಕಿದರು, ಕೈ ಚಾಚಿ ಕೊಟ್ಟರು.

ಕಾಗದ ಕೊಟ್ಟ ಹನ್ನೊಂದನೆಯ ದಿನ ಬೆಳಿಗ್ಗೆ ಧಾರಾಕಾರ ಮಳೆ. ಠಾಕುರ್ಲಿಯ ರೈಲ್ವೆ ಗೇಟಿನಲ್ಲಿ ಗಾಡಿಗಳು ಒಂದಕ್ಕೊಂದು ತಾಗಿ ನಿಂತವು. ಗೇಟು ತೆರೆದರೂ ಮುಂದೆ ಹೋಗಲು ಜಾಗವಿಲ್ಲ. ಪೂವಪ್ಪನ ವ್ಯಾನು ಅಲ್ಲಿ ಐವತ್ತು ನಿಮಿಷ ನಿಂತಿತು. ಬ್ಯಾಟರಿ ಸೋತಿತ್ತು, ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗದೆಂಬ ಹೆದರಿಕೆಯಿಂದ ಅವನು ಎಂಜಿನ್ ಆರಿಸಲಿಲ್ಲ. ಮಕ್ಕಳು ನೆನೆಯುತ್ತಾರೆಂದು ವಿಮಲಾ ಹಿಂದಿನ ಗಾಜುಗಳನ್ನೆಲ್ಲ ಮುಚ್ಚಿಸಿದ್ದಳು. ಪೂವಪ್ಪ ಬೀಡಿಗೆಂದು ತನ್ನ ಬದಿಯ ಗಾಜನ್ನು ನಾಲ್ಕು ಬೆರಳಿನಷ್ಟು ಇಳಿಸಿದ್ದ. ಮುಂದಿನ ಮಕ್ಕಳು ತಲೆನೋವು ಎಂದರು. ಹಿಂದಿನಿಂದ ಸದ್ದೇ ಇರಲಿಲ್ಲ. ನಿದ್ದೆ ಹೋಗಿದ್ದಾರೆ ಎಂದುಕೊಂಡ.

ಶಾಲೆಯ ಮುಂದೆ ನಿಲ್ಲಿಸಿದಾಗ ಮುಂದಿನವರು ಇಳಿದರು. ಹಿಂದಿನಿಂದ ಯಾರೂ ಇಳಿಯಲಿಲ್ಲ.

"ವಿಮಲಾ, ಏಳು. ಶಾಲೆ ಬಂತು."

ಅವಳು ಗಾಜಿಗೆ ತಲೆಯಾನಿಸಿದ್ದಳು. ಮುಖ ಜ್ವರ ಬಂದವರ ಹಾಗೆ ಕೆಂಪಾಗಿತ್ತು. ಮಡಿಲಲ್ಲಿ ಇಬ್ಬರು, ಪಕ್ಕದಲ್ಲಿ ಒಬ್ಬ. ಪೂವಪ್ಪ ಭುಜ ಹಿಡಿದು ಅಲುಗಿಸಿದರೆ ಕೈ ಕೆಳಗೆ ಜಾರಿತು. ಆಮೇಲೆ ಏನಾಯಿತೆಂದು ಅವನಿಗೆ ಸರಿಯಾಗಿ ನೆನಪಿಲ್ಲ. ಕಾವಲುಗಾರ ಮತ್ತು ಇಬ್ಬರು ತಾಯಂದಿರು ಮಕ್ಕಳನ್ನು ಎತ್ತಿಕೊಂಡು ರಿಕ್ಷಾಗಳಿಗೆ ಓಡಿದರು.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟ ಮೇಲೆ ಮಕ್ಕಳು ಸಂಜೆಯೊಳಗೆ ಚೇತರಿಸಿಕೊಂಡರು. ವಿಮಲಾ ಕಣ್ಣು ಬಿಟ್ಟದ್ದು ಮೂರನೆಯ ದಿನ. ಎಂಜಿನ್ನಿನಲ್ಲಿ ಪೆಟ್ರೋಲು ಪೂರ್ತಿ ಉರಿಯದಿದ್ದರೆ ಬಣ್ಣವೂ ವಾಸನೆಯೂ ಇಲ್ಲದ ಒಂದು ವಿಷಗಾಳಿ ಹುಟ್ಟುತ್ತದೆ, ಅದು ರಕ್ತದಲ್ಲಿ ಪ್ರಾಣವಾಯುವಿನ ಜಾಗದಲ್ಲಿ ಹೋಗಿ ಕೂರುತ್ತದೆ ಎಂದು ಡಾಕ್ಟರರು ಪೂವಪ್ಪನಿಗೆ ಬಿಡಿಸಿ ಹೇಳಿದರು. ಇವಳಿಗೆ ಮೊದಲೇ ಏನಾದರೂ ತೊಂದರೆ ಇತ್ತೇ ಎಂದು ಕೇಳಿದರು. ಇತ್ತು. ಒಂದು ತಿಂಗಳಿಂದ ದಿನಾ ಬೆಳಿಗ್ಗೆ ಮಕ್ಕಳನ್ನು ಬಿಟ್ಟು ಬಂದ ಮೇಲೆ ತಲೆನೋವು. ಪಿತ್ತವೆಂದು ಅವಳು ಪುನರ್ಪುಳಿ ಸಾರು ಮಾಡಿಕೊಂಡು ಕುಡಿಯುತ್ತಿದ್ದಳು.

ಪೊಲೀಸರು ವ್ಯಾನನ್ನು ಠಾಣೆಯ ಅಂಗಳಕ್ಕೆ ಒಯ್ದರು. ಎಂಜಿನ್ನಿನಿಂದ ಬರುವ ಪೈಪು ಸೈಲೆನ್ಸರಿಗೆ ಸೇರುವ ಜೋಡಣೆ ಒಡೆದಿದೆ, ಅದು ಯಾವಾಗ ಒಡೆಯಿತೆಂದು ಹೇಳುವುದು ಕಷ್ಟ ಎಂದು ತಪಾಸಣೆಯ ವರದಿ ಬಂತು. ಹನ್ನೊಂದು ದಿನದ ಹಿಂದೆ ಕೊಟ್ಟ ಕಾಗದ ವ್ಯಾನಿನಲ್ಲೇ ಇತ್ತು. ವಿರುಪಾಕ್ಷಪ್ಪನವರನ್ನು ಕರೆಸಿ, ನೀವೇ ಪರೀಕ್ಷೆ ಮಾಡಿದ್ದೇ ಎಂದು ಕೇಳಿದರು.

ಮಾಡಿದ್ದೇನೆ ಎಂದರು ವಿರುಪಾಕ್ಷಪ್ಪ. ನಳಿಗೆ ಹಾಕಿಯೇ ಮಾಡಿದ್ದೇನೆ. ಮರಾಠಿಯಲ್ಲಿ ಬರೆದ ಹೇಳಿಕೆಯ ಕೆಳಗೆ ಸಹಿ ಮಾಡಿ ಹೊರಬಂದರು. ಹೊರಗೆ ಬೆಂಚಿನ ಮೇಲೆ ಪೂವಪ್ಪ ಕೂತಿದ್ದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ವಿಮಲಾ ಮನೆಗೆ ಬಂದಳು, ನಡೆದಾಡಿದಳು, ನೋಡಲು ಬಂದ ಮಕ್ಕಳ ಕೆನ್ನೆ ಸವರಿದಳು. ಗಂಡಾಂತರ ಕಳೆಯಿತು ಎಂದು ಎಲ್ಲರೂ ಉಸಿರುಬಿಟ್ಟರು. ಮೂರು ವಾರ ಕಳೆದ ಮೇಲೆ ಅವಳು ಮರೆಯತೊಡಗಿದಳು. ಈ ವಿಷಗಾಳಿ ಕೆಲವರಲ್ಲಿ ಹೀಗೆ ತಡವಾಗಿ ಮಿದುಳನ್ನು ಹಿಡಿಯುತ್ತದೆಯಂತೆ. ಮೊದಲು ಮಕ್ಕಳ ಹೆಸರು ಹೋಯಿತು, ಆಮೇಲೆ ದಿನ, ತಿಂಗಳು. ಸೌಭಾಗ್ಯ ಗಂಡನನ್ನು ಕರೆದುಕೊಂಡು ನೋಡಲು ಹೋದ ದಿನ ವಿಮಲಾ ಅಡುಗೆಮನೆಯಲ್ಲಿ ಅಕ್ಕಿ ತುಂಬಿದ ಸೇರು ಹಿಡಿದು ನಿಂತಿದ್ದಳು.

"ಇದನ್ನು ಎಂತ ಮಾಡುವುದು?" ಎಂದು ಸೌಭಾಗ್ಯಳನ್ನು ಕೇಳಿದಳು. ಕೇಳುವಾಗ ನಾಚಿಕೆಯಿಂದ ನಕ್ಕಳು.

"ಕೊಡ್ರಿ ವೈನಿ, ನಾ ತೊಳದು ಇಡ್ತೀನಿ," ಎಂದು ಸೌಭಾಗ್ಯ ಸೇರು ತೆಗೆದುಕೊಂಡರು. ವಿರುಪಾಕ್ಷಪ್ಪ ಬಾಗಿಲಲ್ಲೇ ಚಪ್ಪಲಿ ಮೆಟ್ಟಿದರು. ಕೊಟ್ಟ ಚಹಾ ಕುಡಿಯಲಿಲ್ಲ. ಆ ದಿನ ಮನೆಯಲ್ಲಿ ಊಟವನ್ನೂ ಮಾಡಲಿಲ್ಲ.

ಆಗಸ್ಟ್ ಕೊನೆಗೆ, ರಿಪೇರಿ ಮಾಡಿಸದೆ ರಸ್ತೆಗಿಳಿಸಬಾರದು ಎಂಬ ಷರತ್ತಿನ ಮೇಲೆ ವ್ಯಾನು ಬಿಡುಗಡೆಯಾಯಿತು. ಪೂವಪ್ಪ ಅದನ್ನು ಟೆಂಪೋಗೆ ಹಗ್ಗ ಕಟ್ಟಿ ಎಳೆಸಿಕೊಂಡು ನೇರ ವಿರುಪಾಕ್ಷಪ್ಪನವರ ಬಳಿಗೆ ಬಂದ.

"ನೀವು ಮೊದಲು ಗ್ಯಾರೇಜಿನಲ್ಲಿ ಇದ್ದವರಲ್ವಾ ಅಣ್ಣ. ನೀವೇ ಸರಿ ಮಾಡಿ ಕೊಡಿ. ಬೇರೆಯವರ ಹತ್ರ ಕೊಂಡು ಹೋಗ್ಲಿಕ್ಕೆ ನನಗೆ ಮನಸ್ಸಿಲ್ಲ."

ಮಧ್ಯಾಹ್ನದ ಹೊತ್ತು, ಗಿರಾಕಿಗಳಿರಲಿಲ್ಲ. ವಿರುಪಾಕ್ಷಪ್ಪ ಬೇರೆ ಬ್ಯಾಟರಿ ಜೋಡಿಸಿ ಎಂಜಿನ್ ಚಾಲೂ ಮಾಡಿಸಿ, ಜುಲೈಯಲ್ಲಿ ಹಾಕದಿದ್ದ ನಳಿಗೆಯನ್ನು ಈಗ ಸೈಲೆನ್ಸರಿಗೆ ಹಾಕಿದರು. ಯಂತ್ರದ ಅಂಕಿ ಏರಿತು, ಇಳಿಯಿತು, ನಿಂತಿತು. 2.4. ಆ ಕಾಲದ ಗಾಡಿಗಳಿಗೆ ಮಿತಿ ಮೂರು. ಅಂದರೆ ವ್ಯಾನು ಪಾಸು.

"ಒಂದು ಗಳಿಗಿ ನನಗ ಖುಷಿ ಆತ್ರಿ, ಸುಳ್ಳು ಯಾಕ ಹೇಳ್ಲಿ," ಎಂದು ಅವರು ನನ್ನ ಬಳಿ ಹೇಳಿದ್ದರು. "ಅವತ್ತು ಪೈಪ್ ಹಾಕಿದ್ರೂ ಇದ ಬರತಿತ್ತು. ನಾ ಬರದದ್ದೂ ಹೆಚ್ಚುಕಡಿಮಿ ಇದ. ಹಂಗಾರ ನನ್ನ ತಪ್ಪೇನೈತಿ ಅನ್ನಿಸ್ತು."

ಆದರೆ ನಳಿಗೆ ಹಾಕಲು ಅವರು ಮಂಡಿಯೂರಿದ್ದರು. ಗಾಡಿಯ ಹೊಟ್ಟೆಯಿಂದ ಪುಸ್, ಪುಸ್ ಎಂಬ ಸದ್ದು ಕಿವಿಗೆ ಬಿತ್ತು. ಬಿಸಿಗಾಳಿ ಕೆನ್ನೆಗೆ ತಾಗಿತು. ಎಂಜಿನ್ ನಿಲ್ಲಿಸಲು ಹೇಳಿ, ಬಿಳಿ ಅಂಗಿಯಲ್ಲೇ ಕೆಸರಿನಲ್ಲಿ ಅಂಗಾತ ಮಲಗಿ ಒಳಗೆ ಸರಿದರು. ಜೋಡಣೆ ಬಾಯಿ ಬಿಟ್ಟಿತ್ತು. ಅದರ ಸುತ್ತ ಮಸಿ ಪದರ ಪದರವಾಗಿ ಗಟ್ಟಿಕಟ್ಟಿತ್ತು. ಹನ್ನೊಂದು ದಿನದಲ್ಲಿ ಕಟ್ಟುವ ಮಸಿ ಅದಲ್ಲ, ತಿಂಗಳುಗಟ್ಟಲೆಯದು. ಅದರ ನೇರಕ್ಕೆ ಮೇಲೆ, ಹಿಂದಿನ ಸೀಟಿನ ತಳದ ತಗಡು ತುಕ್ಕು ತಿಂದು ಜರಡಿಯಾಗಿತ್ತು. ಬೆರಳು ತೂರಿಸಿದರೆ ಒಳಗಿನ ಮ್ಯಾಟು ತಾಗಿತು.

ಅಂಕಿ ಯಾಕೆ ಕಡಿಮೆ ಬಂತೆಂದು ಹದಿನಾಲ್ಕು ವರ್ಷ ಫಿಟ್ಟರಾಗಿದ್ದವರಿಗೆ ಯಾರೂ ಹೇಳಬೇಕಿರಲಿಲ್ಲ. ಒಡೆದ ಜೋಡಣೆ ಹೊಗೆಯನ್ನು ಹೊರಬಿಡುವುದಷ್ಟೇ ಅಲ್ಲ, ಹೊರಗಿನ ಗಾಳಿಯನ್ನೂ ಒಳಗೆಳೆದುಕೊಳ್ಳುತ್ತದೆ. ಹಾಲಿಗೆ ನೀರು ಬೆರೆತ ಹಾಗೆ ಕೊನೆಯ ಬಾಯಿಗೆ ಬರುವ ಹೊಗೆ ತೆಳುವಾಗಿರುತ್ತದೆ. ಯಂತ್ರ ಅಳೆದದ್ದು ಆ ತೆಳು ಹೊಗೆಯನ್ನು. ಗಟ್ಟಿಯಾದದ್ದು ಜರಡಿಯ ಮೂಲಕ ವಿಮಲಾಳ ಸೀಟಿಗೆ ಹೋಗುತ್ತಿತ್ತು.

"ಮಷಿನ್ನಿಗೆ ಗೊತ್ತಾಗತಿದ್ದಿಲ್ರಿ. ನನಗ ಗೊತ್ತಾಗತಿತ್ತು. ನಾ ಬಗ್ಗಿದ್ರ ಸಾಕಿತ್ತು."

ಅವರು ಗಾಡಿಯ ಕೆಳಗಿನಿಂದ ಹೊರಬಂದು ಅಲ್ಲೇ ಕೂತರು. ಪೂವಪ್ಪ ಎದುರಿಗೆ ಕುಕ್ಕುರುಗಾಲಲ್ಲಿ ಕೂತ.

"ಪೂವಪ್ಪಣ್ಣ, ಅವತ್ತ ನಾ ಪೈಪ್ ಹಾಕಿದ್ದಿಲ್ಲ."

"ಗೊತ್ತುಂಟು," ಎಂದ ಪೂವಪ್ಪ. "ನಾನು ಅಲ್ಲೇ ಇದ್ದೆನಲ್ಲ."

"ಪೊಲೀಸರ ಮುಂದ ಹಾಕೀನಿ ಅಂತ ಹೇಳಿದೆ."

"ನಾನೂ ಹಾಗೇ ಹೇಳಿದ್ದು. ಚೆಕ್ ಮಾಡಿಸಿದ್ದೇನೆ ಸಾರ್, ಕಾಗದ ನೋಡಿ ಅಂತ." ಪೂವಪ್ಪ ವ್ಯಾನಿನ ಕಡೆ ನೋಡಿದ. "ಬೇಗ ಕೊಡಿ ಅಂತ ಅವಸರ ಮಾಡಿದ್ದು ನಾನಲ್ವಾ ಅಣ್ಣ? ಅವಳು ತಲೆನೋವು, ತಲೆನೋವು ಅಂತ ಹೇಳ್ತಾ ಇದ್ದಳು. ಪಿತ್ತ ಅಂತ ನಾನೂ ಒಪ್ಪಿಕೊಂಡೆ. ಗಾಡಿ ನನ್ನದು. ಅದರ ಅಡಿಯಲ್ಲಿ ಎಂತ ಉಂಟು ಅಂತ ಒಂದು ದಿನ ನೋಡ್ಲಿಲ್ಲ ನಾನು."

"ನಾ ಹೋಗಿ ಖರೇ ಹೇಳಿ ಬರ್ತೀನಿ. ನಿನ್ನ ಹೆಸರು ತಗೊಳ್ಳಾಂಗಿಲ್ಲ."

"ಅದು ಹೇಗೆ ಆಗ್ತದೆ? ನಿಮ್ಮದು ಸುಳ್ಳು ಅಂದ ಮೇಲೆ ನನ್ನದೂ ಸುಳ್ಳೇ." ಪೂವಪ್ಪ ಎದ್ದು ಲುಂಗಿ ಕೊಡವಿದ. "ನಡೀರಿ. ಈಗಲೇ ಹೋಗುವ. ನಾಳೆ ಅಂದ್ರೆ ನನಗೆ ಧೈರ್ಯ ಬರ್ಲಿಕ್ಕಿಲ್ಲ."

ಹಾಗೆ ಆ ಮಧ್ಯಾಹ್ನ ಇಬ್ಬರೂ ರಿಕ್ಷಾ ಹತ್ತಿ ಠಾಣೆಗೆ ಹೋದರು. ಬರೆದುಕೊಳ್ಳುವ ಹವಾಲ್ದಾರ ಒಮ್ಮೆ ವಿರುಪಾಕ್ಷಪ್ಪನವರ ಕೆಸರು ಮೆತ್ತಿದ ಅಂಗಿ ನೋಡಿದ, ಒಮ್ಮೆ ಮುಖ ನೋಡಿದ. ಕಾಗದವೇ ನಿಮ್ಮಿಬ್ಬರನ್ನೂ ಕಾಪಾಡುತ್ತಿತ್ತಲ್ಲ, ಯಾರು ಒತ್ತಾಯ ಮಾಡಿದರು ಎಂದು ಕೇಳಿದ. ಯಾರೂ ಇಲ್ಲ ಎಂದರು ವಿರುಪಾಕ್ಷಪ್ಪ. ಎರಡನೆಯ ಹೇಳಿಕೆಗೂ ಅದೇ ಸಹಿ ಬಿತ್ತು.

ತಿಂಗಳೊಳಗೆ ಲೈಸೆನ್ಸ್ ರದ್ದಾಯಿತು. ಪೆಟ್ರೋಲ್ ಪಂಪಿನವರು ಜಾಗ ಬಿಡಿಸಿದರು. ಊರವರ ಸಂಘದ ಸಭೆಯಲ್ಲಿ ಕೆಲವರು, ಇಬ್ಬರೂ ಹುಚ್ಚರು, ಸುಮ್ಮನಿದ್ದಿದ್ದರೆ ಎಲ್ಲ ಮುಗಿಯುತ್ತಿತ್ತು ಎಂದರು. ಮಕ್ಕಳ ತಂದೆತಾಯಂದಿರಲ್ಲಿ ಒಬ್ಬರು ಮನೆಗೇ ಬಂದು ಸೌಭಾಗ್ಯಳ ಮುಂದೆ ಕೂಗಾಡಿದರು. ವಿರುಪಾಕ್ಷಪ್ಪ ಎದುರು ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಕಲ್ಯಾಣದ ಕೋರ್ಟಿನಲ್ಲಿ ಪ್ರಕರಣ ನಾಲ್ಕು ವರ್ಷ ನಡೆಯಿತು. 2010ರಲ್ಲಿ ಇಬ್ಬರಿಗೂ ದಂಡ, ಜೊತೆಗೆ ಆ ದಿನದ ಕಲಾಪ ಮುಗಿಯುವವರೆಗೆ ಕೋರ್ಟಿನಲ್ಲಿ ಕೂತಿರುವ ಶಿಕ್ಷೆ ಆಯಿತು. ಬೆಳಗ್ಗೆ ಹನ್ನೊಂದರಿಂದ ಸಂಜೆಯವರೆಗೆ ಇಬ್ಬರೂ ಹಿಂದಿನ ಬೆಂಚಿನಲ್ಲಿ, ಬೇರೆಯವರ ಜಮೀನು ತಂಟೆ, ಚೆಕ್ಕಿನ ತಂಟೆ ಕೇಳುತ್ತ ಕೂತಿದ್ದರು. ನ್ಯಾಯಾಧೀಶರು ಎದ್ದು ಹೋದ ಮೇಲೆ ಪೇದೆ, ಇನ್ನು ಹೋಗಿ ಎಂದ. "ಶಿಕ್ಷಾ ಅಂದ್ರ ಇಷ್ಟ ಏನು ಅನ್ನಿಸ್ತು. ಮನೀಗೆ ಬಂದು ನೋಡಿದ್ರ ವಿಮಲಾ ವೈನಿ ನಮ್ಮ ಕಟ್ಟೀ ಮ್ಯಾಲ ಕುಂತಿದ್ರು," ಎಂದು ವಿರುಪಾಕ್ಷಪ್ಪ ಹೇಳಿದ್ದರು.

ಅಷ್ಟರಲ್ಲಿ ಅವರು ಕಲ್ಯಾಣದ ಪತ್ರಿಪೂಲ್ ಹತ್ತಿರ ತಗಡಿನ ಶೆಡ್ಡೊಂದನ್ನು ಬಾಡಿಗೆಗೆ ಹಿಡಿದಿದ್ದರು. ಹೊಗೆ ತಪಾಸಣೆಯಲ್ಲಿ ಫೇಲಾದ ಗಾಡಿಗಳನ್ನು ಸರಿಮಾಡುವುದೊಂದೇ ಕೆಲಸ. ಕಾಗದ ಕೊಡುವ ಅಧಿಕಾರ ಇಲ್ಲದಿದ್ದರೂ ಹಳೆಯ ಯಂತ್ರ ಅವರ ಬಳಿಯೇ ಇತ್ತು. ವ್ಯಾನು ಮಾರಿದ್ದ ಪೂವಪ್ಪ ಅವರ ಜೊತೆ ಕೆಲಸಕ್ಕೆ ಸೇರಿದ. ವಿಮಲಾಳನ್ನು ಮನೆಯಲ್ಲಿ ಒಬ್ಬಳನ್ನೇ ಬಿಡುವಂತಿರಲಿಲ್ಲ, ಆದ್ದರಿಂದ ಅವಳೂ ಶೆಡ್ಡಿಗೆ ಬರುತ್ತಿದ್ದಳು. ಬಾಗಿಲ ಬಳಿ ಗಾಳಿ ಬರುವಲ್ಲಿ ಅವಳಿಗೊಂದು ಕುರ್ಚಿ. ಕಪ್ಪಾದ ಸ್ಪಾರ್ಕ್ ಪ್ಲಗ್ಗನ್ನೂ ಚೂರು ಎಮರಿ ಕಾಗದವನ್ನೂ ಕೈಗೆ ಕೊಟ್ಟರೆ ಹೊಳೆಯುವ ತನಕ ಉಜ್ಜುತ್ತಿದ್ದಳು. ಮುಗಿದ ಮೇಲೆ ಅದು ಏನೆಂದು ಕೇಳುತ್ತಿದ್ದಳು. ಪೂವಪ್ಪ ಪ್ರತಿ ಸಲವೂ ಹೇಳುತ್ತಿದ್ದ.

ಗಿರಾಕಿಗಳು ಬರುತ್ತಿದ್ದುದು ಉಪಾಯ ಕೇಳಲು. ಪೆಟ್ರೋಲಿಗೆ ಏನಾದರೂ ಬೆರೆಸಿದರೆ ಅಂಕಿ ಇಳಿಯುತ್ತದೆಯೇ, ನಳಿಗೆಯನ್ನು ಅರ್ಧ ಮಾತ್ರ ತೂರಿಸಿದರೆ ಸಾಕೇ. ವಿರುಪಾಕ್ಷಪ್ಪ ಉತ್ತರ ಕೊಡದೆ ಮೊದಲು ಗಾಡಿಯ ಕೆಳಗೆ ಹೋಗುತ್ತಿದ್ದರು. ಸೋರುವುದನ್ನು ಮುಚ್ಚಿದ ಮೇಲೆಯೇ ನಳಿಗೆ. ಆಮೇಲೆ ಏರ್ ಫಿಲ್ಟರ್, ಪ್ಲಗ್ಗು, ಕಾರ್ಬುರೇಟರ್. ಸೋರುವುದನ್ನು ಮುಚ್ಚಿದಾಗ ಅಂಕಿ ಹಲವು ಸಲ ಏರುತ್ತಿತ್ತು. ನಾನು ದುಡ್ಡು ಕೊಟ್ಟದ್ದು ಇಳಿಸಲು ಎಂದು ರಿಕ್ಷಾದವರು ಜಗಳಕ್ಕೆ ಬರುತ್ತಿದ್ದರು. "ಈಗ ಬಂದದ್ದು ಖರೇ ಅಂಕಿ. ಇದನ್ನ ಇಳಸೂಣು," ಎನ್ನುತ್ತಿದ್ದರು ಇವರು.

2014ರ ಜೂನಿನಲ್ಲಿ ಡೊಂಬಿವಲಿಯ ಒಂದು ಪಾಲಕರ ಸಂಘದವರು ಶಾಲೆ ಶುರುವಾಗುವ ಮೊದಲು ವ್ಯಾನುಗಳನ್ನು ನೋಡಿಕೊಡಿ ಎಂದು ಕರೆದರು. ಅವರಲ್ಲಿ ಒಬ್ಬರು ಪ್ರಣೀತಾ. ಎಂಟು ವರ್ಷದ ಹಿಂದೆ ವಿಮಲಾಳ ಮಡಿಲಲ್ಲಿ ಎಚ್ಚರ ತಪ್ಪಿ ಮಲಗಿದ್ದ ಮಗುವಿನ ತಾಯಿ. ಮನೆಗೆ ಬಂದು ಕೂಗಾಡಿದ್ದವರೂ ಅವರೇ.

ಮೈದಾನದಲ್ಲಿ ಸಾಲಾಗಿ ನಿಂತ ವ್ಯಾನುಗಳಲ್ಲಿ ಒಂದು ರಿತೇಶ್ ಎಂಬ ಯುವಕನದು. ಅಪ್ಪ ಅಮ್ಮ ಕಾಪು ಕಡೆಯವರು, ಕನ್ನಡ ತಿಳಿಯುತ್ತಿತ್ತು, ಮಾತು ಮಾತ್ರ ಹಿಂದಿ.

"ಅಂಕಲ್, ಪಿಯುಸಿ ಹೈ ನಾ. ವ್ಯಾಲಿಡ್ ಹೈ. ಫಿರ್ ಕ್ಯಾ ಚೆಕ್ ಕರ್ನಾ?" ಎಂದು, ಅವಧಿ ಮುಗಿಯದ ಕಾಗದವಿರುವಾಗ ಮತ್ತೇಕೆ ತಪಾಸಣೆ ಎನ್ನುವಂತೆ, ಅದನ್ನು ಮುಖದ ಮುಂದೆ ಹಿಡಿದ.

"ಕಾಗದ ಇರ್ಲಿ ತಮ್ಮ. ಗಾಡಿ ಚಾಲೂ ಮಾಡು. ಗಾಜು ಎಲ್ಲಾ ಏರಸು. ನೀ ಇಳದು ಬಾ."

ಹತ್ತು ನಿಮಿಷ ಎಂಜಿನ್ ಓಡಿತು. ವಿರುಪಾಕ್ಷಪ್ಪ ನಳಿಗೆಯನ್ನು ಸೈಲೆನ್ಸರಿಗೆ ಹಾಕಲಿಲ್ಲ. ಹಿಂದಿನ ಗಾಜನ್ನು ಬೆರಳಿನಷ್ಟು ಸರಿಸಿ, ಮಗುವಿನ ಮುಖ ಇರುವ ಎತ್ತರಕ್ಕೆ ಅದನ್ನು ಒಳಗೆ ಇಳಿಬಿಟ್ಟರು. ಯಂತ್ರ ಸೊನ್ನೆಯಲ್ಲಿ ಸ್ವಲ್ಪ ಹೊತ್ತು ನಿಂತು 0.04ಕ್ಕೆ ಬಂತು.

"ಇತ್ನಾ ಸಾ? ಯೇ ತೋ ಕುಛ್ ಭೀ ನಹೀ," ಎಂದು ರಿತೇಶ್ ಇಷ್ಟಕ್ಕೆಲ್ಲ ಏನೂ ಆಗದೆಂಬಂತೆ ನಕ್ಕ.

"ಇದು ಮಕ್ಕಳು ಕೂಡೂ ಜಾಗ. ಇಲ್ಲಿ ಸೊನ್ನಿ ಇರಬೇಕು. ಇಷ್ಟರಾಗ ಒಂದೆರಡು ತಾಸು ಕುಂತ್ರ ತಲಿ ಹಿಡೀತೈತಿ. ದಿನಾ ಕುಂತ್ರ..." ವಿರುಪಾಕ್ಷಪ್ಪ ಪೂವಪ್ಪನ ಕಡೆ ನೋಡಿದರು.

ಪೂವಪ್ಪ ಮುಂದೆ ಬಂದ. "ನನ್ನ ಹೆಂಡತಿ ಈ ಸೀಟಿನಲ್ಲಿ ಕೂತದ್ದು ಮಗಾ. ಅವಳಿಗೆ ಈಗ ನನ್ನ ಹೆಸರು ಗೊತ್ತಿಲ್ಲ," ಎಂದ. ದನಿ ಏರಿಸಲಿಲ್ಲ. ರಿತೇಶ್ ಕಾಗದವನ್ನು ಮಡಚಿ ಜೇಬಿಗಿಟ್ಟ. ಅವನೇ ಹೋಗಿ ಎಂಜಿನ್ ಆರಿಸಿ, ನಾಲ್ಕೂ ಬಾಗಿಲು ತೆರೆದ. ಆ ತಿಂಗಳಲ್ಲಿ ನೋಡಿದ ಮೂವತ್ತೆಂಟು ವ್ಯಾನುಗಳಲ್ಲಿ ಐದಕ್ಕೆ ಇಂಥದೇ ಸೋರಿಕೆ ಇತ್ತು. ಐದಕ್ಕೂ ಪಿಯುಸಿ ಇತ್ತು. ಅಲ್ಲಿಂದ ಮುಂದೆ ಪ್ರತಿ ಜೂನಿನಲ್ಲೂ ಸಂಘದವರು ಇವರನ್ನು ಕರೆಯುತ್ತಿದ್ದರು.

2017ರ ಜೂನ್ ಮೊದಲ ವಾರ ವಿಮಲಾ ಎದೆಗೆ ಕಫ ಕಟ್ಟಿ ನಾಲ್ಕು ದಿನ ಮಲಗಿ ತೀರಿಕೊಂಡಳು. ಕೊನೆಯ ದಿನ ಪಕ್ಕದಲ್ಲಿ ಕೂತಿದ್ದ ಸೌಭಾಗ್ಯಳ ಕೈಯನ್ನು ತನ್ನ ಕೈಯಲ್ಲಿ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಉಜ್ಜುತ್ತಿದ್ದಳಂತೆ. ಸುಡುಗಾಡಿನಿಂದ ಬಂದ ವಿರುಪಾಕ್ಷಪ್ಪ ಶೆಡ್ಡಿಗೆ ಬೀಗ ಹಾಕಿದರು. ಇನ್ನು ತೆರೆಯುವುದಿಲ್ಲ ಎಂದು ಹೆಂಡತಿಗೆ ಹೇಳಿದರು. ಅರವತ್ತು ದಾಟಿತ್ತು, ಮಂಡಿ ಹಿಡಿದಿತ್ತು.

ಐದನೆಯ ದಿನ ಬೆಳಿಗ್ಗೆ ಪೂವಪ್ಪ ಅವರ ಮನೆಯ ಬಾಗಿಲಲ್ಲಿ ನಿಂತಿದ್ದ.

"ಬೀಗದ ಕೈ ಕೊಡಿ ಅಣ್ಣ. ಇಬ್ಬರು ವ್ಯಾನಿನವರು ಆಗಿನಿಂದ ಕಾಯ್ತಾ ಇದ್ದಾರೆ. ಗುರುವಾರ ಶಾಲೆ ಶುರು."

"ನಿನಗ ಆಗತೈತೇನು?"

"ಮನೆಯಲ್ಲಿ ಕೂತು ಎಂತ ಮಾಡುವುದು?"

ವಿರುಪಾಕ್ಷಪ್ಪ ಬೀಗದ ಕೈ ಕೊಡದೆ ತಾವೇ ಚಪ್ಪಲಿ ಮೆಟ್ಟಿ ಹೊರಟರು. ಶೆಡ್ಡಿನಲ್ಲಿ ಮೊದಲ ವ್ಯಾನಿನ ಕೆಳಗೆ ಅವರು ಗೋಣಿಚೀಲ ಹಾಸುತ್ತಿದ್ದಾಗ ಪೂವಪ್ಪ ಅವರ ತೋಳು ಹಿಡಿದು ನಿಲ್ಲಿಸಿದ. ಬ್ಯಾಟರಿ ದೀಪವನ್ನು ತಾನೇ ತೆಗೆದುಕೊಂಡು ಅಂಗಾತ ಮಲಗಿ ಒಳಗೆ ಸರಿದ. ಒಂದೊಂದೇ ಜೋಡಣೆಗೆ ದೀಪ ಹಿಡಿದು ನೋಡತೊಡಗಿದ. ಹೊರಗೆ ವ್ಯಾನಿನ ಚಾಲಕ ಗಡಿಯಾರ ನೋಡಿಕೊಂಡು, ಇನ್ನೆಷ್ಟು ಹೊತ್ತು, ನನಗೆ ಅವಸರವಿದೆ ಎಂದ.

"ಜಾಯಿಂಟ್ ಹೋಗಿದೆ," ಎಂಬ ದನಿ ಗಾಡಿಯ ಕೆಳಗಿನಿಂದ ಬಂತು. "ಇವತ್ತು ಕೊಡ್ಲಿಕ್ಕೆ ಆಗುದಿಲ್ಲ ಅಂತ ಹೇಳಿ ಅಣ್ಣ. ನಾಳೆ ಬರ್ಲಿ."

ವಿರುಪಾಕ್ಷಪ್ಪ ಚಾಲಕನ ಕಡೆ ತಿರುಗಿ, ನಾಳೆ ಬಾ ಎಂದರು.